ಮಂಚಕ್ಕೆ ವಿಮೆ ಇದೆ, ಕುರ್ಚಿಗೆ ಇಲ್ಲ

ಮಾನ್ಯ ಸಂಪಾದಕರೇ,

ಆತ್ಮಹತ್ಯೆಯ ಸುದ್ದಿ ಹಾಕಿದಾಗಲೆಲ್ಲ ನೀವು ಕೆಳಗೆ ಒಂದು ಸಣ್ಣ ಬಾಕ್ಸಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416 ಹಾಕುತ್ತೀರಿ. ಆ ನಂಬರನ್ನು ನಿಮ್ಮ ಪತ್ರಿಕೆಯಿಂದಲೇ ಕತ್ತರಿಸಿ ಇಟ್ಟುಕೊಂಡಿದ್ದೆ. ಒಂದು ರಾತ್ರಿ ಬೇಕಾಯಿತು, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಅರ್ಧ ಗಂಟೆ ತಾಳ್ಮೆಯಿಂದ ಕೇಳಿಸಿಕೊಂಡರು. ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇನೆ. ಆದರೆ ಫೋನ್ ಇಟ್ಟ ಮೇಲೆ ಮನೆಯವರು ಎಲ್ಲೆಲ್ಲಿ ಅಲೆಯಬೇಕಾಗುತ್ತದೆ ಅನ್ನುವುದು ಪೇಪರಿನಲ್ಲಿ ಬರುವುದಿಲ್ಲ. ಅದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಹಾಕಿ, ಡಯಾಲಿಸಿಸ್ ವಿಷಯ ಬರುವ ಪ್ಯಾರಾ ಮಾತ್ರ ಬಿಡಬೇಡಿ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆ, ಅದರ ಮೇಲೆ ಮಾಡಿಸಿದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಕೂಡ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಈ ಕಾರ್ಡನ್ನು ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ನಮ್ಮಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದು ಇದರಲ್ಲೇ, ಕೈಯಿಂದ ಖರ್ಚಾಗಿದ್ದು ಊಟ ತಿಂಡಿ ಮತ್ತು ಆಟೋಗೆ ಮಾತ್ರ. ಹಾಗಾಗಿ ಮಗಳಿಗೆ ಹುಷಾರಿಲ್ಲದಾಗ ನಾನು ಧೈರ್ಯವಾಗಿದ್ದೆ. ಕಾರ್ಡ್ ಇದೆಯಲ್ಲ ಅಂತ.

ಮಗಳು ಎರಡನೇ ಪಿಯುಸಿ. ಶುರುವಾಗಿದ್ದು ಕೈ ತೊಳೆಯುವುದರಿಂದ. ಮೊದಮೊದಲು ನಮ್ಮಮ್ಮನಿಗೆ ಖುಷಿಯೋ ಖುಷಿ, ಈಗಿನ ಕಾಲದಲ್ಲೂ ಎಷ್ಟು ಮಡಿ ನೋಡು ನನ್ನ ಮೊಮ್ಮಗಳು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ನಾವೂ ಸುಮ್ನೆ ಇದ್ದೆವು. ಆಮೇಲೆ ವಾರಕ್ಕೆ ನಾಲ್ಕು ಸೋಪು ಖರ್ಚಾಗತೊಡಗಿತು. ಮೇಲಿನ ಟ್ಯಾಂಕ್ ಮಧ್ಯಾಹ್ನಕ್ಕೇ ಖಾಲಿ. ಬೆರಳ ಸಂದಿಯಲ್ಲಿ ಚರ್ಮ ಒಡೆದು ರಕ್ತ ಬಂದರೂ ಅದೇ ಕೈಗೆ ಮತ್ತೆ ಸೋಪು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ಇಪ್ಪತ್ತು ಸಲ ಓದುವುದು, ಸರಿಯಾಗಿ ಓದದಿದ್ದರೆ ಅಪ್ಪನಿಗೆ ಏನೋ ಆಗಿಬಿಡುತ್ತೆ ಅಂತ ಭಯ. ಹೌದು, ನನಗೇ. ದೃಷ್ಟಿ ತೆಗೆಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಬೈದದ್ದೂ ಆಯಿತು. ಒಂದು ಸಲ ನಾನು ನಲ್ಲಿಯ ಮೈನ್ ವಾಲ್ವ್ ಆಫ್ ಮಾಡಿಬಿಟ್ಟೆ, ಆವತ್ತಿನ ರಾತ್ರಿಯೇ 14416ಕ್ಕೆ ಫೋನ್ ಮಾಡಿದ್ದು.

ಸರ್ಕಾರಿ ಆಸ್ಪತ್ರೆಗೆ ಹೋಗಿ, ಮನೋವೈದ್ಯರಿಗೆ ತೋರಿಸಿ ಅಂದರು. ನಮ್ಮ ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನನ್ನಂಥ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಹೋದೆವು. ಡಾಕ್ಟರು ಹತ್ತು ನಿಮಿಷದಲ್ಲಿ ಹೇಳಿದರು: ಇದು ಒಸಿಡಿ, ಕನ್ನಡದಲ್ಲಿ ಗೀಳು ರೋಗ ಅಂತಾರೆ, ಹೆದರಬೇಡಿ. ಮಾತ್ರೆ ಅಲ್ಲೇ ಕೊಟ್ಟರು, ದುಡ್ಡಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಥೆರಪಿ, ಅದನ್ನು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ವಾರವಾರ ಮಾಡಿಸಬೇಕು, 12ರಿಂದ 16 ವಾರ. ಹೊರಗೆ ಆಗಲೇ ಐವತ್ತು ಜನ ಕಾಯುತ್ತಿದ್ದರು, ಅವರೇ ಕೂತು ಇದನ್ನು ಮಾಡಲು ಸಾಧ್ಯವಿಲ್ಲ ಅನ್ನುವುದು ಅವರು ಹೇಳದೆಯೂ ಗೊತ್ತಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು, ಯಾಕೆಂದರೆ ನನಗೂ ಗೊತ್ತಿರಲಿಲ್ಲ. ಮನೋವೈದ್ಯರು ಅಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋರೋಗದಲ್ಲಿ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ. ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಮಾಡಿ, ಅದರ ಮೇಲೆ ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಕೆಲಸ ಕಲಿತು ಎಂಫಿಲ್ ಮಾಡಿದವರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆದವರು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಳ್ಳುವವರು ಎಲ್ಲರೂ ಇವರಲ್ಲ. ನಾನು ಫೋನ್ ಮಾಡಿದ ಒಬ್ಬರ ಹತ್ತಿರ ಆರ್‌ಸಿಐ ನಂಬರ್ ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡು ಕಟ್ ಮಾಡಿದರು. ಕೇಳಿ, ಯಾರಾದರೂ ಸರಿ, ಮೊದಲು ನಂಬರ್ ಕೇಳಿ.

ಸರಿ, ಹುಡುಕಾಟ. ಕಾರ್ಡ್ ನಡೆಯುವ ಆಸ್ಪತ್ರೆಗಳ ಪಟ್ಟಿ ತೆಗೆದು ಕೂತೆ. ಹೃದಯ ಎಲ್ಲಿ, ಕಿಡ್ನಿ ಎಲ್ಲಿ, ಮೂಳೆ ಎಲ್ಲಿ ಅಂತೆಲ್ಲ ಸಿಗುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಲ್ಲಿದ್ದಾರೆ ಅಂತ ನನಗೆ ಅದರಲ್ಲಿ ಸಿಗಲಿಲ್ಲ. ಆಮೇಲೆ ಕಿರ್ದಿ ಪುಸ್ತಕದ ಕೊನೆಯ ಹಾಳೆಯಲ್ಲಿ ನಂಬರ್ ಬರೆದುಕೊಂಡು ಒಂದೊಂದಾಗಿ ಫೋನ್ ಮಾಡುತ್ತಾ ಹೋದೆ. ಹನ್ನೊಂದು ಫೋನ್. "ಆಯುಷ್ಮಾನ್ ಕಾರ್ಡ್ ತಗೋತೀರಾ ಮೇಡಂ?" ಅಂದರೆ ಆ ಕಡೆ ಒಂದು ಕ್ಷಣ ಮೌನ. ಇಬ್ಬರು ನಕ್ಕರು. ಒಬ್ಬರು "ಇಲ್ಲ ಸರ್, ಗೂಗಲ್ ಪೇ ತಗೋತೀವಿ" ಅಂದರು, ಪಾಪ ಅವರಿಗೆ ನಾನು ಕೇಳಿದ್ದು ಅರ್ಥವೇ ಆಗಿರಲಿಲ್ಲ.

ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಬೇಡ, ಕೌಂಟರಿನವರು ದಾರಿ ತೋರಿಸಿದರು. "ಮೂರು ದಿನ ಅಡ್ಮಿಟ್ ಮಾಡಿಬಿಡಿ, ಆಮೇಲೆ ಕಾರ್ಡಲ್ಲಿ ಏನಾಗುತ್ತೋ ನೋಡೋಣ" ಅಂತ. ಬೇರೆಯವರು ಕೂತ ಪ್ಲಾಸ್ಟಿಕ್ ಕುರ್ಚಿ ಮುಟ್ಟಲು ಹೆದರುವ ಹುಡುಗಿಯನ್ನು ಬೇರೆಯವರು ಮಲಗೆದ್ದ ಮಂಚದ ಮೇಲೆ ಮಲಗಿಸಬೇಕು, ಅದೂ ಅವಳ ಕಾಯಿಲೆಗೆ ಬೇಕು ಅಂತಲ್ಲ, ಬಿಲ್ಲಿಗೆ ಬೇಕು ಅಂತ! ಎದ್ದು ಬಂದೆವು.

ನಿಜ ವಿಷಯ ಹೇಳಿದ್ದು ಕೊನೆಗೆ ಬೆಂಗಳೂರಿನಲ್ಲಿ ಸಿಕ್ಕ ಸೈಕಾಲಜಿಸ್ಟ್ ಮೇಡಂ. ಅವರ ಮಾತು ಹಾಗೇ ಬರೆಯುತ್ತೇನೆ: "ನಾನು ನಿಮ್ಮ ಕಾರ್ಡ್ ತಗೋಬೇಕು ಅಂದ್ರೂ ಆಗಲ್ಲ ಸರ್. ನಂದು ಆಸ್ಪತ್ರೆ ಅಲ್ಲ. ಎರಡು ಕುರ್ಚಿ ಇದೆ, ಮಂಚ ಇಲ್ಲ." ಈ ಯೋಜನೆ ನೋಂದಾಯಿಸಿಕೊಳ್ಳುವುದು ಆಸ್ಪತ್ರೆಗಳನ್ನು, ಒಬ್ಬೊಬ್ಬರೇ ಕೆಲಸ ಮಾಡುವ ಸೈಕಾಲಜಿಸ್ಟ್‌ಗಳನ್ನಲ್ಲ. ಮತ್ತೆ ಯೋಜನೆ ಇರುವುದೇ ಒಳರೋಗಿಗಳಿಗೆ. ಮಾನಸಿಕ ಕಾಯಿಲೆಗೂ ಪ್ಯಾಕೇಜ್ ಇಟ್ಟಿದ್ದಾರೆ, ಇಲ್ಲ ಅಂತಲ್ಲ, ಆದರೆ ದಾಖಲಾಗಿ ಮಲಗಿದರೆ. ವಾರಕ್ಕೊಮ್ಮೆ ಬಂದು ಮುಕ್ಕಾಲು ಗಂಟೆ ಕೂತು ಹೋಗುವವರು ಹೊರರೋಗಿಗಳು. ಹೊರರೋಗಿಗೆ ಕಾರ್ಡ್ ಇಲ್ಲ. ಹನ್ನೊಂದು ಫೋನಿನಲ್ಲಿ ನಾನು ಹುಡುಕುತ್ತಿದ್ದವರು ಇಲ್ಲವೇ ಇಲ್ಲ ಅಂತ ಆವತ್ತು ಗೊತ್ತಾಯಿತು. ಮೊದಲೇ ಯಾರಾದರೂ ಹೇಳಿದ್ದರೆ ಫೋನಿನ ಕರೆನ್ಸಿಯಾದರೂ ಉಳಿಯುತ್ತಿತ್ತು.

ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 21ನೇ ಸೆಕ್ಷನ್ನಿನಲ್ಲಿ, ದೇಹದ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತೀರೋ ಮನಸ್ಸಿನ ಕಾಯಿಲೆಗೂ ಅದೇ ರೀತಿ ಕೊಡಬೇಕು ಅಂತ ವಿಮೆದಾರರಿಗೆ ಹೇಳಿದ್ದಾರೆ. ಓದಿದಾಗ ಗೆದ್ದೆ ಅನ್ನಿಸಿತು. ಆಮೇಲೆ ಯೋಚನೆ ಮಾಡಿದರೆ, ಅದೇ ರೀತಿ ಕೊಟ್ಟೇ ಇದ್ದಾರಲ್ಲ? ಜ್ವರಕ್ಕೆ ಕ್ಲಿನಿಕ್ಕಿಗೆ ಹೋದರೂ ಕಾರ್ಡ್ ನಡೆಯಲ್ಲ, ಗೀಳು ರೋಗಕ್ಕೆ ಹೋದರೂ ನಡೆಯಲ್ಲ. ಸಮ. ಆದರೆ ಜ್ವರಕ್ಕೆ ಹೋದರೆ ಮುನ್ನೂರು ರೂಪಾಯಿಗೆ ಮುಗಿಯುತ್ತದೆ. ದೇಹದ ದೊಡ್ಡ ಕಾಯಿಲೆಗಳು ಮಂಚದ ಮೇಲೆ ವಾಸಿಯಾಗುತ್ತವೆ, ಮನಸ್ಸಿನ ಕಾಯಿಲೆಗಳು ಜಾಸ್ತಿ ಪಾಲು ಕುರ್ಚಿಯಲ್ಲಿ ಕೂತು ವಾಸಿಯಾಗುತ್ತವೆ. ಅಳತೆಗೋಲು ಒಂದೇ ಇಟ್ಟು ಇಬ್ಬರಿಗೂ ಅಳೆದಿದ್ದೇವೆ ಅಂದರೆ ಹೇಗೆ?

ಇನ್ನು ಆ ಡಯಾಲಿಸಿಸ್. ನಮ್ಮ ಪಕ್ಕದ ಬೀದಿಯವರೊಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಹೋಗಿ ನಾಲ್ಕು ಗಂಟೆ ಇದ್ದು ಮಧ್ಯಾಹ್ನ ಮನೆಗೆ ಬಂದು ಊಟ ಮಾಡುತ್ತಾರೆ. ರಾತ್ರಿ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಆದರೂ ಅದು ಯೋಜನೆಯೊಳಗೆ ಇದೆ. ಕ್ಯಾನ್ಸರಿನ ಕೀಮೋ ಕೂಡ ಹಾಗೇ, ಎಷ್ಟೋ ಜನ ಕುರ್ಚಿಯಲ್ಲಿ ಕೂತು ಡ್ರಿಪ್ ಹಾಕಿಸಿಕೊಂಡು ಸಂಜೆ ವಾಪಸ್ ಬರುತ್ತಾರೆ, ಅದೂ ಇದೆ. ಇರಲೇಬೇಕು. ಅಂದಮೇಲೆ ರಾತ್ರಿ ಮಲಗಬೇಕು ಅನ್ನುವುದೇನೂ ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ ಅಂತಾಯಿತು. ಬೇಕು ಅನ್ನಿಸಿದ ಕಡೆ ದಾರಿ ಮಾಡಿದ್ದಾರೆ. ಡಾಕ್ಟರು ಬರೆದುಕೊಟ್ಟ 16 ಸೆಷನ್ ಥೆರಪಿಯನ್ನು ಒಂದು ಪ್ಯಾಕೇಜ್ ಅಂತ ಯಾಕೆ ಮಾಡಬಾರದು? ಎಷ್ಟಾಗುತ್ತೆ ಅಂತೀರಾ? ನಾನು ಕೊಡುತ್ತಿರುವುದು ಸೆಷನ್ನಿಗೆ 1,500 ರೂಪಾಯಿ, ಹದಿನಾರಕ್ಕೆ 24,000. ಕಾರ್ಡಿನ 5 ಲಕ್ಷದಲ್ಲಿ ನೂರಕ್ಕೆ ಐದೂ ಆಗಲಿಲ್ಲ. ನನಗೆ ಮಾತ್ರ ಅದು ಒಂದೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಮಾತಾಡುವುದಕ್ಕೆ ಬಿಲ್ ಕೊಟ್ಟರೆ ಮೋಸ ನಡೆಯುತ್ತೆ, ಯಾರು ಬಂದರು ಯಾರು ಬಿಟ್ಟರು ಹೇಗೆ ಗೊತ್ತಾಗುತ್ತೆ ಅಂತ ನಮ್ಮ ಮಂಡಿಗೆ ಬರುವ ಒಬ್ಬರು ವಾದ ಮಾಡಿದರು. ತೂಕದಲ್ಲಿ ಮೋಸ ಆಗುತ್ತೆ ಅಂತ ಮಂಡಿ ಮುಚ್ಚಿದ್ದಾರಾ? ಎಲೆಕ್ಟ್ರಾನಿಕ್ ತಕ್ಕಡಿ ತಂದರು, ಸೀಲ್ ಹಾಕಿದರು, ಚೀಟಿ ಕೊಡಿ ಅಂದರು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಅಕ್ಕಿ ಕೊಡುವ ಸರ್ಕಾರಕ್ಕೆ ಒಂದು ಹುಡುಗಿ ಗುರುವಾರ ಬಂದಿದ್ದಳೋ ಇಲ್ಲವೋ ಅಂತ ತಿಳಿಯುವುದು ಕಷ್ಟವೇ?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆಯಲ್ಲ, ಅಲ್ಲಿ ಪುಕ್ಕಟೆ ಅಲ್ವಾ ಅಂತ ಕೇಳುವವರಿದ್ದಾರೆ. ಇದೆ. ದೇಶಕ್ಕೆ ಇದರ ಮಾದರಿ ಕೊಟ್ಟದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೆ ತಂದಿದ್ದು. ಆ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇದೆ, ಜಿಲ್ಲೆಗೆ ಒಂದು. ಲೆಕ್ಕ ಬರೆಯುವವನಿಗೆ ಲೆಕ್ಕ ಹಾಕದೆ ಇರಲು ಆಗಲಿಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕು, 2011ರ ಜನಗಣತಿಯಲ್ಲೇ 26 ಲಕ್ಷ ದಾಟಿದ ಜನ. ಒಬ್ಬರು ದಿನಕ್ಕೆ ಎಂಟು ಜನರಂತೆ ವಾರಕ್ಕೆ ಆರು ದಿನ ಉಸಿರು ಬಿಡದೆ ಕೂತರೂ 48 ಜನ. ಒಬ್ಬೊಬ್ಬರಿಗೆ 16 ವಾರ. ವರ್ಷಕ್ಕೆ 150 ಚಿಲ್ಲರೆ ಜನ ಮುಗಿಸಬಹುದು. ಅದರ ಜೊತೆಗೆ ಅಂಗವಿಕಲರ ಸರ್ಟಿಫಿಕೇಟಿಗೆ ಮಕ್ಕಳ ಬುದ್ಧಿಮಟ್ಟ ಅಳೆಯುವುದೂ ಇವರ ಕೆಲಸವೇ, ಊರೂರಿನ ಶಿಬಿರ ಬೇರೆ. ಇನ್ನು ಪಾವಗಡದವರು ವಾರವಾರ ತುಮಕೂರಿಗೆ ಬರಬೇಕು ಅಂದರೆ ಮಧ್ಯೆ ಆಂಧ್ರ ದಾಟಿ ಬರಬೇಕು! ಆ ಹುದ್ದೆಯಲ್ಲಿ ಕೂತವರನ್ನು ನಾನು ಏನೂ ಅನ್ನುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೆ ಎರಡನೇ ವಾರಕ್ಕೆ ಓಡಿಹೋಗುತ್ತಿದ್ದೆ. 2015–16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ 10.6 ಜನಕ್ಕೆ ಏನಾದರೂ ಮಾನಸಿಕ ತೊಂದರೆ ಇದೆ ಅಂತ ಕಂಡಿದ್ದಾರೆ. ಆ ಲೆಕ್ಕವನ್ನು 26 ಲಕ್ಷದ ಪಕ್ಕದಲ್ಲಿ ಇಟ್ಟು ನೋಡಿ, ನಾನು ನೋಡಿ ಪುಸ್ತಕ ಮುಚ್ಚಿದೆ.

ಇಎಸ್‌ಐ, ಅಂದರೆ ಕೆಲಸಗಾರರ ರಾಜ್ಯ ವಿಮೆ, ಅದೊಂದು ಉಳಿಯಿತು. ಅಲ್ಲಿ ಹೊರರೋಗಿ ಚಿಕಿತ್ಸೆಯೂ ಸೇರುತ್ತದೆ, ಅದು ಒಳ್ಳೆಯದು. ಆದರೆ 10 ಜನ ಕೆಲಸಗಾರರು ಇರಬೇಕು, ಸಂಬಳ 21,000 ದಾಟಿರಬಾರದು. ನಮ್ಮ ಮಂಡಿಯಲ್ಲಿ ನಾವು ನಾಲ್ವರು.

ಈಗ ಥೆರಪಿ ಅಂದರೆ ಏನು, ಅದಕ್ಕೆ ಯಾಕೆ ಇಷ್ಟು ಹಟ ಅಂತ ಹೇಳುತ್ತೇನೆ, ಯಾಕೆಂದರೆ "ಸುಮ್ನೆ ಮಾತಾಡ್ಸೋಕೆ 1,500 ರೂಪಾಯಾ?" ಅಂತ ನಮ್ಮ ಮನೆಯಲ್ಲೇ ಕೇಳಿದರು. ಮಾತಾಡಿಸುವುದು ಕಡಿಮೆ. ಮೇಡಂ ಮೊದಲು ಮಗಳ ಕೈಯಲ್ಲೇ ಒಂದು ಪಟ್ಟಿ ಬರೆಸಿದರು, ಯಾವುದು ಮುಟ್ಟಿದರೆ ಎಷ್ಟು ಭಯ ಅಂತ. ಎಲ್ಲಕ್ಕಿಂತ ಕೆಳಗೆ ಸ್ವಂತ ಚಪ್ಪಲಿ, ಎಲ್ಲಕ್ಕಿಂತ ಮೇಲೆ ಬಸ್ಸಿನ ಕಂಬಿ. ಕೆಳಗಿನಿಂದ ಶುರು. ಮುಟ್ಟಬೇಕು, ಮುಟ್ಟಿ ಕೈ ತೊಳೆಯದೆ ಕೂರಬೇಕು. ಭಯ ಏರುತ್ತದೆ, ಏರಿ ಏರಿ ಒಂದು ಕಡೆ ನಿಲ್ಲುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ, ತೊಳೆಯದಿದ್ದರೂ ಇಳಿಯುತ್ತದೆ. ಅದು ಇಳಿಯುವುದನ್ನು ಅವಳೇ ಕೂತು ನೋಡಬೇಕು. ಮೊದಲ ಸಲ ನನ್ನನ್ನೂ ಒಳಗೆ ಕೂರಿಸಿದ್ದರು. ಚಪ್ಪಲಿ ಮುಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹುಡುಗಿ ಅಳುತ್ತಿದ್ದಾಳೆ, ಗೋಡೆ ಗಡಿಯಾರದಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ, ನನಗೇ ಎದ್ದು ಹೋಗಿ ನೀರು ತಂದುಕೊಡೋಣ ಅನ್ನಿಸಿತು. ಮೂವತ್ತೈದನೇ ನಿಮಿಷಕ್ಕೆ ಅವಳು ಮೂಗು ಒರೆಸಿಕೊಂಡಳು. ಅದೇ ಕೈಯಲ್ಲಿ. ಮೇಡಂ ನನ್ನ ಕಡೆ ನೋಡಿ ಸುಮ್ಮನಿರಿ ಅಂತ ಸನ್ನೆ ಮಾಡಿದರು. ಇದನ್ನು ಫೋನಿನಲ್ಲಿ ಮಾಡಲು ಆಗುತ್ತಾ? ಮನೆಯಲ್ಲಿ ನಾನು ಮಾಡಿದ್ದೂ ಒಂದು ಥರ ಇದೇ ಅಲ್ವಾ, ವಾಲ್ವ್ ಆಫ್ ಮಾಡಿದ್ದು? ಅಲ್ಲವಂತೆ. ಅದು ಶಿಕ್ಷೆಯಂತೆ.

ಭಾಷೆಯದ್ದೂ ಒಂದು ಕಥೆ. ನನ್ನ ಹನ್ನೊಂದು ಫೋನಿನಲ್ಲಿ ನಾಲ್ಕು ಕಡೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಮಗಳು ಮೊದಲ ದಿನ ಮೇಡಂಗೆ ಹೇಳಿದ್ದು, "ಅದು ಗಲೀಜು ಅಂತಲ್ಲ ಮೇಡಂ, ಮೈಲಿಗೆ" ಅಂತ. ಕೊಳೆ ಇದ್ದರೆ ಕಣ್ಣಿಗೆ ಕಾಣುತ್ತದೆ, ತೊಳೆದರೆ ಹೋಗುತ್ತದೆ. ಮೈಲಿಗೆ ಕಣ್ಣಿಗೆ ಕಾಣಲ್ಲ, ಅದಕ್ಕೇ ಹೋಯಿತು ಅಂತ ಯಾವಾಗಲೂ ಗ್ಯಾರಂಟಿ ಇಲ್ಲ. ಅವಳ ಇಡೀ ಕಾಯಿಲೆ ಆ ಒಂದು ಮಾತಿನಲ್ಲಿ ಇತ್ತು, ಮೇಡಂ ಕನ್ನಡದವರಾದ್ದರಿಂದ ತಕ್ಷಣ ಹಿಡಿದರು. ಇದನ್ನು ಹಿಂದಿಯಲ್ಲಿ ಹೇಳು ಅಂದರೆ ನನ್ನ ಮಗಳು ಬಾಯಿ ಮುಚ್ಚಿಕೊಂಡು ವಾಪಸ್ ಬರುತ್ತಿದ್ದಳು. ಹಾಗಾಗಿ ಪ್ಯಾಕೇಜ್ ಮಾಡುವುದಾದರೆ ತಾಲ್ಲೂಕಿಗೆ ಹತ್ತಿರದಲ್ಲಿ, ಕನ್ನಡ ಬರುವವರನ್ನು ಹುಡುಕಿ ನೋಂದಾಯಿಸಿಕೊಳ್ಳಿ. ಸ್ವಂತ ಕೋಣೆ ಇಟ್ಟುಕೊಂಡ ಆರ್‌ಸಿಐ ನೋಂದಣಿಯವರನ್ನೂ ಸೇರಿಸಿ. ಅವರ ಹೆಸರು, ಊರು, ಭಾಷೆ ಪಟ್ಟಿಯಲ್ಲಿ ಹಾಕಿ, ಹೃದಯದ ಡಾಕ್ಟರದ್ದು ಹಾಕುವ ಹಾಗೆ.

ಒಂದು ತಮಾಷೆ ನೋಡಿ. ಶಕ್ತಿ ಯೋಜನೆ ಇರುವುದರಿಂದ ಮಗಳು ಮತ್ತು ಅವರಮ್ಮ ತಿಪಟೂರಿನಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಪುಕ್ಕಟೆ ಹೋಗಿ ಬರುತ್ತಾರೆ. ಹೋಗುವುದಕ್ಕೂ ಬರುವುದಕ್ಕೂ ಸೇರಿ ಸುಮಾರು 280 ಕಿಲೋಮೀಟರ್ ಸರ್ಕಾರದ ಖರ್ಚು, ಬಸ್ಸಿನಿಂದ ಇಳಿದ ಮೇಲಿನ ಮುಕ್ಕಾಲು ಗಂಟೆ ನಮ್ಮ ಖರ್ಚು. ನಾನು ಹೋಗುವುದಿಲ್ಲ, ಹರಾಜಿನ ದಿನ ರಜೆ ಸಿಗಲ್ಲ, ನನಗೆ ಟಿಕೆಟ್ಟೂ ಬೇಕು.

ಈ ಪತ್ರಕ್ಕೆ ಹೆಸರು ಹಾಕಬೇಡಿ. ನಾಳೆ ಮದುವೆಗೆ ತೊಂದರೆ ಆಗುತ್ತೆ ಅಂತ ನನ್ನ ಹೆಂಡತಿಯ ಭಯ, ಅದು ನನ್ನದಲ್ಲ. ಮಗಳನ್ನೇ ಕೇಳಿದೆ. ವಿಷಯ ಬರಿ, ಹೆಸರು ಬೇಡ, ಕಾಲೇಜಲ್ಲಿ ಎಲ್ಲರೂ ಪೇಪರ್ ಓದ್ತಾರೆ ಅಂದಳು. ಇದುವರೆಗೆ ಒಂಬತ್ತು ಸೆಷನ್ ಆಗಿದೆ. ಸೋಪು ಈಗ ವಾರಕ್ಕೆ ಒಂದು. ಉಳಿದ ಏಳಕ್ಕೆ ದುಡ್ಡು ಮಂಡಿ ಸಾಹುಕಾರರ ಹತ್ತಿರ ಮುಂಗಡ ಕೇಳಿದ್ದೇನೆ, ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಮುಂದಿನ ಗುರುವಾರದ ಕೆಲಸ ಬಸ್ಸಿನ ಕಂಬಿ. ಬೆಳಿಗ್ಗೆ ಆರಕ್ಕೆ ಹೊರಡಬೇಕು, ನಿಂತುಕೊಂಡೇ ಹೋಗುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದಾಳೆ.

ಇತಿ,
ಕೊಬ್ಬರಿ ಮಂಡಿಯ ಒಬ್ಬ ಗುಮಾಸ್ತ, ತಿಪಟೂರು